ಮಳೆಗಾಲದಲ್ಲಿ ಕಾಣೆಯಾಗುತ್ತಿದ್ದ ಎಸ್‌ಎಸ್‌ಡಿ: ನಾನು ನೋಡಿದ ನಾಲ್ಕು ದಾರಿ

ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ. ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಒಂದು ಸಾಲು. ಡಿಸ್ಕ್ ಅಂದರೆ ಇಲ್ಲಿ ಎಸ್‌ಎಸ್‌ಡಿ, ವಿಂಡೋಸ್ ಮತ್ತು ಫೈಲ್‌ಗಳು ಇರುವ ಚಿಪ್‌ಗಳ ಸಣ್ಣ ಹಲಗೆ. ಎರಡು ಮೂರು ಸಲ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ವಿಂಡೋಸ್ ಬರುತ್ತದೆ. ಮಧ್ಯಾಹ್ನ ಊಟ ಮುಗಿಸಿ ಬಂದರೆ ಎಲ್ಲ ಹ್ಯಾಂಗ್ ಆಗಿ ನಿಂತಿರುತ್ತದೆ, ಸ್ವಲ್ಪ ಹೊತ್ತಿಗೆ ನೀಲಿ ಪರದೆ. ಮೇ ಕೊನೆಯಲ್ಲಿ ಶುರುವಾದ ಕಾಟ ಇದು.

ನನ್ನ ಮನೆ ಉಡುಪಿಯ ಮಲ್ಪೆ ಹತ್ತಿರ. ಬೋಟಿನವರ ಐಸ್, ಡೀಸೆಲ್ ಲೆಕ್ಕ ಬರೆಯುವುದು ನನ್ನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಲೆಕ್ಕವೂ ಕಡಿಮೆ. ಹಾಗಾಗಿ ಒಂದೊಂದು ದಾರಿಗೂ ಒಂದು ವಾರ ಕೊಟ್ಟು ನೋಡಿದೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ ಅಲ್ವಾ. ದಿನಾ ಬೆಳಿಗ್ಗೆ ಮೊದಲ ಸಲಕ್ಕೇ ಡಿಸ್ಕ್ ಕಂಡಿತೋ ಇಲ್ಲವೋ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಏನೂ ಮುಟ್ಟದ ಮೊದಲ ವಾರ 7ರಲ್ಲಿ 4 ದಿನ ಕಾಣಲಿಲ್ಲ. ಅದಕ್ಕೂ ಮೊದಲು ಮಾಡಿದ್ದು ಬ್ಯಾಕಪ್. ಡಿಸ್ಕ್ ಕಾಣುವ ಹೊತ್ತಿನಲ್ಲೇ ಫೈಲ್‌ಗಳನ್ನು ಹೊರಗೆ ತೆಗೆದುಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ಮಂಗಳೂರಿಗೆ ಹೋದಾಗ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ತೋರಿಸಿದ್ದೆ. "ಎಸ್‌ಎಸ್‌ಡಿ ಹೋಗಿದೆ ಸರ್, ಹೊಸದು ಹಾಕುವ" ಅಂದರು. ಮಣಿಪಾಲದಲ್ಲಿ ಓದುವ ಅಕ್ಕನ ಮಗ ಒಪ್ಪಲಿಲ್ಲ. "ಮಾವ, ಮೊದಲು ಅದರ ಆರೋಗ್ಯ ನೋಡಿ" ಅಂದ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಸ್ಥಿತಿ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದೆವು. ಆರೋಗ್ಯ 96%, ಮೀಡಿಯಾ ಎರರ್ (ಡಿಸ್ಕಿನಿಂದ ಡೇಟಾ ಓದುವಾಗ ಆದ ತಪ್ಪುಗಳ ಲೆಕ್ಕ) ಸೊನ್ನೆ. ಆದರೆ ಅನ್‌ಸೇಫ್ ಶಟ್‌ಡೌನ್ ಲೆಕ್ಕ ಮಾತ್ರ ದಿನೇ ದಿನೇ ಏರುತ್ತಿತ್ತು. ಒಳಗಿನ ಮೆಮೊರಿ ಚಿಪ್ ಹಾಳಾಗಿದ್ದರೆ ಸಾಮಾನ್ಯವಾಗಿ ಮೀಡಿಯಾ ಎರರ್ ಏರುತ್ತದೆ. ಇಲ್ಲಿ ಸರಿಯಾಗಿ ಆಫ್ ಆಗುವ ಮೊದಲೇ ಡಿಸ್ಕಿಗೆ ಕರೆಂಟು ಹೋಗುತ್ತಿತ್ತು.

ಹೊಸದು ಕೊಳ್ಳುವುದಕ್ಕೂ ಯುಎಸ್‌ಬಿ ಕೇಸಿನಲ್ಲಿ (ಡಿಸ್ಕನ್ನು ಹೊರಗಿನಿಂದ ಯುಎಸ್‌ಬಿ ಮೂಲಕ ಜೋಡಿಸುವ ಪೆಟ್ಟಿಗೆ) ಹಾಕಿ ನೋಡುವುದಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾಗಿದ್ದು ಆಗ. ತಪ್ಪು ಡಿಸ್ಕಿನದೋ ಲ್ಯಾಪ್‌ಟಾಪಿನದೋ ಅಂತ ಕೇಸ್ ಹೇಳುತ್ತದೆ. ಅಂಗಡಿಯವರು ಹೊಸ ಎಸ್‌ಎಸ್‌ಡಿಗೆ ಹೇಳಿದ ದುಡ್ಡಿನ ಕಾಲು ಭಾಗಕ್ಕೆ ಕೇಸ್ ಸಿಕ್ಕಿತು. ಕೊಳ್ಳುವಾಗ ಒಂದು ಎಚ್ಚರ, ಡಿಸ್ಕ್ ಜೋಡಿಸುವ ರೀತಿಯಲ್ಲಿ ಎನ್‌ವಿಎಂಇ, ಸಾಟಾ ಅಂತ ಎರಡು ಬಗೆ: ಎನ್‌ವಿಎಂಇ ಡಿಸ್ಕಿಗೆ ಎನ್‌ವಿಎಂಇ ಕೇಸೇ ಬೇಕು, ಬರೀ ಸಾಟಾ ಕೇಸಿನಲ್ಲಿ ಅದು ಕಾಣುವುದೇ ಇಲ್ಲ. ಡಿಸ್ಕಿನ ಚಿನ್ನದ ಬಣ್ಣದ ಅಂಚಿನಲ್ಲಿ ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ.

ನನ್ನ ಡಿಸ್ಕನ್ನು ಕೇಸಿಗೆ ಹಾಕಿ, ಅಕ್ಕನ ಮಗನ ಡಿಸ್ಕನ್ನು ಲ್ಯಾಪ್‌ಟಾಪಿನ ಸ್ಲಾಟಿಗೆ ಹಾಕಿದೆವು. ಒಂದು ವಾರ ನನ್ನ ಡಿಸ್ಕ್ ಕೇಸಿನಲ್ಲಿ ಒಂದು ಸಲವೂ ತಪ್ಪಲಿಲ್ಲ. ದೊಡ್ಡ ಫೈಲ್‌ಗಳನ್ನು ಗಂಟೆಗಟ್ಟಲೆ ಕಾಪಿ ಮಾಡಿದರೂ ಕಳಚಲಿಲ್ಲ. ಅವನ ಒಳ್ಳೆಯ ಡಿಸ್ಕ್ ಮೂರನೇ ದಿನ ಬೆಳಿಗ್ಗೆ ನನ್ನ ಸ್ಲಾಟಿನಲ್ಲಿ ಕಾಣಲಿಲ್ಲ! ಹೊಸದು ಕೊಂಡಿದ್ದರೆ ಅದೂ ಹೀಗೇ ಕಾಣೆಯಾಗುತ್ತಿತ್ತು. ದುಡ್ಡು ಹೋಗುತ್ತಿತ್ತು, ಕಾಟ ಉಳಿಯುತ್ತಿತ್ತು.

ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಕೂಡ ಮಾಡಿದೆ. ನನ್ನ ಯಂತ್ರದಲ್ಲಿ ಒಂದಿಷ್ಟೂ ಬದಲಾವಣೆ ಆಗಲಿಲ್ಲ. ಬಯಾಸಿನಲ್ಲಿ ರೈಡ್, ವಿಎಂಡಿ ಅಂತ ಇರುವ ಸ್ಟೋರೇಜ್ ಸೆಟ್ಟಿಂಗನ್ನು ಮಾತ್ರ ಸುಮ್ನೆ ಬದಲಿಸಬೇಡಿ. ಚೆನ್ನಾಗಿರುವ ವಿಂಡೋಸ್ ಕೂಡ ಬೂಟ್ ಆಗದೆ ಹೋಗಬಹುದು.

ಬೆಳಗಿನ ತೊಂದರೆಗೆ ಮದ್ದಾಗಿದ್ದು ಡಿಸ್ಕಿನ ಅಂಚು ಮತ್ತು ಸ್ಲಾಟನ್ನು ಸ್ವಚ್ಛ ಮಾಡುವುದು. ನಮ್ಮ ಕಡೆಯ ಗಾಳಿಯಲ್ಲಿ ಉಪ್ಪು, ಮಳೆಗಾಲದಲ್ಲಿ ಮೇಲಿಂದ ತೇವ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಡಿಸ್ಕಿನ ಅಂಚಿನ ಚಿನ್ನದ ಲೇಪ ತೀರಾ ತೆಳು. ಅದರ ಸಣ್ಣ ರಂಧ್ರಗಳ ಮೂಲಕ ಕೆಳಗಿನ ನಿಕ್ಕಲ್, ತಾಮ್ರ ಕೆಡುತ್ತವೆ. ಆ ಕೊಳೆ ಮೇಲೆ ಬಂದು ಕೂತರೆ ಪಿನ್ ಸರಿಯಾಗಿ ತಾಗುವುದಿಲ್ಲ. ಲ್ಯಾಪ್‌ಟಾಪ್ ಸ್ವಲ್ಪ ಬಿಸಿಯಾದ ಮೇಲೆ ತಾಗುತ್ತಿತ್ತು, ಅದಕ್ಕೇ ಎರಡನೇ ಮೂರನೇ ಸಲಕ್ಕೆ ಕಾಣುತ್ತಿತ್ತು ಅಂತ ನನ್ನ ಊಹೆ.

ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಅಂತ ಬಹಳ ಜನ ಹೇಳುತ್ತಾರೆ. ಹಳೆಯ ರ‍್ಯಾಮ್ ಮೇಲೆ ನಾನೂ ಹಾಗೆ ಮಾಡಿದ್ದಿದೆ. ಥಟ್ಟನೆ ಹೊಳಪು ಬರುತ್ತದೆ. ಆದರೆ ಅದು ಲೇಪವನ್ನೂ ಸವೆಸುತ್ತದೆ, ಪುಡಿ ಸ್ಲಾಟಿನೊಳಗೆ ಉಳಿಯುತ್ತದೆ. ಕಡಲ ಬದಿಯಲ್ಲಿ ಇರುವವರು ಇದನ್ನು ಮಾಡಲೇಬಾರದು. ನಾನು ತಂದದ್ದು 99% ಐಸೋಪ್ರೊಪೈಲ್ ಆಲ್ಕೋಹಾಲ್. ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಸಣ್ಣ ಸ್ಕ್ರೂ ಕಳಚಿದೆ. ಡಿಸ್ಕ್ ತಾನಾಗಿ ಓರೆಯಾಗಿ ಮೇಲೆದ್ದಿತು. ಅಂಚನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿದೆ. ಸ್ಲಾಟಿನ ಒಳಗೆ ಮೆದು ಬ್ರಶ್ಶಿನಿಂದ ಆಲ್ಕೋಹಾಲ್ ಹಚ್ಚಿ, ಪಿನ್‌ಗಳ ಉದ್ದಕ್ಕೇ ಎಳೆದೆ, ಅಡ್ಡ ಉಜ್ಜಲಿಲ್ಲ. ಬಟ್ಟೆ ಕಂದು ಬಣ್ಣಕ್ಕೆ ಬಂತು. ಪೂರ್ತಿ ಒಣಗಲು ಅರ್ಧ ಗಂಟೆ ಬಿಟ್ಟು ಡಿಸ್ಕ್ ಹಾಕಿದೆ. ಮುಂದಿನ 7 ದಿನವೂ ಮೊದಲ ಸಲಕ್ಕೇ ಕಂಡಿತು.

ಆದರೆ ಊಟದ ಹೊತ್ತಿನ ಹ್ಯಾಂಗ್ ನಿಲ್ಲಲಿಲ್ಲ. ಅದು ಬೇರೆಯೇ ಕಾಯಿಲೆ ಮಾರಾಯ್ರೆ. ಕೆಲಸ ಇಲ್ಲದಾಗ ವಿಂಡೋಸ್ ಕರೆಂಟ್ ಉಳಿಸಲು ಡಿಸ್ಕಿನ ಸಂಪರ್ಕವನ್ನು ಮಲಗಿಸುತ್ತದೆ. ಕೆಲವು ಡಿಸ್ಕ್‌ಗಳು ಆ ನಿದ್ದೆಯಿಂದ ಏಳುವುದೇ ಇಲ್ಲ. ಪವರ್ ಆಪ್ಷನ್ಸ್ ಒಳಗೆ ಪಿಸಿಐ ಎಕ್ಸ್‌ಪ್ರೆಸ್, ಅದರಡಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಇದೆ, ಅದನ್ನು ಆಫ್ ಮಾಡಿದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ದಿನವಿಡೀ ಚಾರ್ಜರಿಗೆ ಹಾಕಿಟ್ಟು ಕೆಲಸ ಮಾಡುವ ನನಗೆ ಅದು ಲೆಕ್ಕಕ್ಕಿಲ್ಲ. ಬಸ್ಸಿನಲ್ಲಿ ಕೂತು ಕೆಲಸ ಮಾಡುವವರು ಚಾರ್ಜರ್ ಇರುವಾಗ ಮಾತ್ರ ಆಫ್ ಇಟ್ಟು ನೋಡಬಹುದು, ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇದೆ. ಇದನ್ನೇ ಮೊದಲು ಮಾಡಿದ್ದರೆ ಬೆಳಗಿನ ತೊಂದರೆ ಹಾಗೇ ಇರುತ್ತಿತ್ತು, ಇದರಿಂದ ಏನೂ ಉಪಯೋಗ ಇಲ್ಲ ಅಂತ ಬಿಟ್ಟುಬಿಡುತ್ತಿದ್ದೆ.

ಹಾಗಂತ ಹೊಸ ಎಸ್‌ಎಸ್‌ಡಿ ಯಾವಾಗಲೂ ತಪ್ಪು ದಾರಿ ಅಲ್ಲ. ಕೇಸಿನಲ್ಲೂ ಡಿಸ್ಕ್ ಕಾಣೆಯಾದರೆ, ಅಥವಾ ಮೀಡಿಯಾ ಎರರ್ ಏರುತ್ತಾ ಹೋದರೆ ತಡ ಮಾಡದೆ ಬದಲಿಸಿ. ಎರರ್ ಏರದಿದ್ದರೆ ಮೊದಲು ಕೇಸಿನ ಪರೀಕ್ಷೆ, ಅದರಲ್ಲಿ ಡಿಸ್ಕ್ ಸರಿ ಇದ್ದರೆ ಆಲ್ಕೋಹಾಲ್, ಕೊನೆಗೆ ಪವರ್ ಸೆಟ್ಟಿಂಗ್, ಈ ಕ್ರಮದಲ್ಲೇ ನಾನು ಮತ್ತೆ ಹೋಗುತ್ತೇನೆ.

ಆಗಸ್ಟ್ 1ಕ್ಕೆ ಬೋಟುಗಳ ಐಸ್ ಬಿಲ್ ಬರಲು ಶುರುವಾಯಿತು. ಅನ್‌ಸೇಫ್ ಶಟ್‌ಡೌನ್ ಲೆಕ್ಕ 43ರಲ್ಲಿ ನಿಂತದ್ದು ಇವತ್ತಿಗೂ 43ರಲ್ಲೇ ಇದೆ.