ಮೂರಂತಸ್ತಿನ ಗೊಬ್ಬರದ ಮಡಕೆ: ಮಡಕೆ ಸರಿ, ಪುಡಿ ಯಾಕೆ?

ಗೊಬ್ಬರದ ಮಡಕೆ ತಂದು ಈ ಜೂನಿಗೆ ಮೂರು ವರ್ಷ ಆಯಿತು. ಅಡುಗೆಮನೆಯ ಹಸಿ ಕಸವನ್ನು ಗೊಬ್ಬರ ಮಾಡಲು ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆ, ಸುತ್ತ ಗಾಳಿಗೆ ತೂತು, ಮೇಲೊಂದು ಮುಚ್ಚಳ. ಎಲ್ಲರೂ ಎಲ್ಲಾದರೂ ನೋಡಿರುತ್ತೀರಿ, ಅದರ ವರ್ಣನೆ ಬೇಡ. ನಾನು ಬರೆಯಲು ಕೂತಿದ್ದೇ ಅದರ ಜೊತೆ ಮಾರುವ, ಕಸದ ಮೇಲೆ ಹಾಕುವ ಪುಡಿಯ ಮೇಲಿನ ಸಿಟ್ಟಿಗೆ.

ಮೊದಲು ನಮ್ಮ ಮಣ್ಣಿನ ಕಥೆ. ಬೆಂಗಳೂರಿನ ಮೂವತ್ತು ನಲವತ್ತರ ಸೈಟು. ಮನೆಯ ಹಿಂದೆ ಹನ್ನೆರಡು ಅಡಿ ಉದ್ದ, ಐದು ಅಡಿ ಅಗಲದ ಒಂದು ಪಟ್ಟಿ ಉಳಿದಿದೆ. ಮನೆ ಕಟ್ಟಿದವರು ಜಲ್ಲಿ, ಇಟ್ಟಿಗೆ ಚೂರು, ಗಾರೆ ಎಲ್ಲವನ್ನೂ ಅಲ್ಲೇ ಹೂತು, ಮೇಲೆ ನಾಲ್ಕು ಬಾಂಡ್ಲಿ ಕೆಮ್ಮಣ್ಣು ಚೆಲ್ಲಿ ಹೋಗಿದ್ದರು. ಒಂದು ಹಿಡಿ ಮಣ್ಣಿಗೆ ವಿನೆಗರ್ ಹಾಕಿದರೆ ಬುಸ್ ಎಂದು ನೊರೆ ಬರುತ್ತಿತ್ತು. ಸಿಮೆಂಟು, ಸುಣ್ಣ ಬೆರೆತ ಮಣ್ಣು ಹಾಗೇ. ಒಂದು ಅಡಿ ಗುಂಡಿ ತೋಡಿ ಸಂಜೆ ನೀರು ತುಂಬಿಸಿದೆ. ಬೆಳಿಗ್ಗೆ ನೋಡಿದರೆ ನೀರು ಇನ್ನೂ ನಿಂತಿತ್ತು. ಅದರಲ್ಲೊಂದು ಸೊಳ್ಳೆ ಬೇರೆ.

ಮಣ್ಣು ಬದಲಾಯಿಸಲು ನರ್ಸರಿಯವರು ಕೇಳಿದ್ದು ಏಳು ಸಾವಿರ. ನನ್ನ ಬಜೆಟ್ ಮೂರು. ಮಡಕೆಗೆ 2,350 ರೂಪಾಯಿ ಅಂದರು, ತಂದುಬಿಟ್ಟೆ. ಒಂದು ಸಲ ದುಡ್ಡು ಹಾಕಿದರೆ ಆಮೇಲೆ ಗೊಬ್ಬರ ಪುಕ್ಕಟೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಶುರುವಿನ ದಿನಗಳು ಚೆನ್ನಾಗಿದ್ದವು. ಇವತ್ತಿಗೂ ನನಗೆ ಇದರಲ್ಲಿ ಇಷ್ಟವಾಗುವುದು ರಾತ್ರಿಯ ಕೆಲಸ. ಸಿಂಕ್ ಪಕ್ಕ ಹಳೆಯ ಸ್ಟೀಲ್ ಡಬ್ಬಿಯೊಂದಿದೆ, ಮುಚ್ಚಳ ಎಂದೋ ಕಳೆದುಹೋಗಿದೆ. ಬೆಳಗಿನ ಫಿಲ್ಟರ್ ಕಾಫಿಯ ಚರಟ, ಸಾರಿಗೆ ಹೆಚ್ಚಿದ ಸೋರೆಕಾಯಿ ಸಿಪ್ಪೆ, ಮಗ ಅರ್ಧ ತಿಂದ ಬಾಳೆಹಣ್ಣು, ದೇವರ ಮನೆಯ ಬಾಡಿದ ಸೇವಂತಿಗೆ ಎಲ್ಲ ಅದರೊಳಗೆ. ಊಟ ಮುಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗುತ್ತೇನೆ. ಮುಚ್ಚಳ ತೆಗೆದರೆ ಮುಖಕ್ಕೆ ಬೆಚ್ಚಗೆ ಆವಿ ತಾಗುತ್ತದೆ. ಚಳಿಗಾಲದಲ್ಲಂತೂ ಕೈ ಕಾಯಿಸಿಕೊಳ್ಳಬೇಕು ಅನ್ನಿಸುತ್ತದೆ. ಡಬ್ಬಿ ಸುರಿ, ಕೋಲಿನಿಂದ ಒಂದು ಸಲ ಕೆದಕು, ಮೇಲೆ ಹೊದಿಕೆ ಹಾಕು, ಮುಚ್ಚು. ಎರಡು ನಿಮಿಷ. ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಎರಡು ನಿಮಿಷ ಅದೊಂದೇ.

ಆ ಹೊದಿಕೆಯದ್ದೇ ತಕರಾರು. ಹಸಿ ಕಸ ಹಾಕಿದಾಗಲೆಲ್ಲ ಮೇಲೆ ಅವರದೇ ಪುಡಿ ಹಾಕಬೇಕು ಅಂತ ಮಾರಿದವರು ಹೇಳಿದ್ದರು. ಐದು ಕೆಜಿ ಪ್ಯಾಕೆಟ್‌ಗೆ 420 ರೂಪಾಯಿ. ನಾವು ನಾಲ್ಕು ಜನ, ದಿನಕ್ಕೆ ಹೆಚ್ಚುಕಡಿಮೆ ಒಂದು ಕೆಜಿ ಹಸಿ ಕಸ. ಪ್ಯಾಕೆಟ್ ಹದಿನೆಂಟು, ಇಪ್ಪತ್ತು ದಿನಕ್ಕೆ ಖಾಲಿ. ಆಗಸ್ಟ್ ಮಳೆಯಲ್ಲಿ ಮಡಕೆಯೊಳಗೆ ಎಲ್ಲ ರೊಚ್ಚೆಯಾಗಿ, ಕೆಳಗೆ ಕಪ್ಪು ನೀರು ಸೋರಿ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುವಷ್ಟು ನಾತ ಬಂತು. ಅಂಗಡಿಗೆ ಫೋನ್ ಮಾಡಿದೆ. "ಪುಡಿ ಜಾಸ್ತಿ ಹಾಕಿ ಮೇಡಂ" ಅಂದರು. ಹಾಕಿದೆ. ಡಿಸೆಂಬರಿನಲ್ಲಿ ಅವರೆಕಾಯಿ ಸೀಸನ್ ಬಂತು. ನಮ್ಮಲ್ಲಿ ಹಿತಕಿದ ಬೇಳೆ ಸಾರು ವಾರಕ್ಕೆ ಮೂರು ಸಲ, ಸೊಗಡಿನ ಸಿಪ್ಪೆ ಎರಡೇ ದಿನದಲ್ಲಿ ಒಂದು ಮಡಕೆ ತುಂಬಿಬಿಟ್ಟಿತು. ಮತ್ತೆ ಫೋನ್. ಮತ್ತೆ ಅದೇ ಮಾತು.

ಫೆಬ್ರವರಿಯಲ್ಲಿ ಒಂದು ಭಾನುವಾರ ಲೆಕ್ಕ ಹಾಕಿದೆ. ಎಂಟು ತಿಂಗಳಿಗೆ 13 ಪ್ಯಾಕೆಟ್, 5,460 ರೂಪಾಯಿ. ಮಡಕೆಯ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ! ಅವತ್ತು ಮೊದಲ ಸಲ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಿದೆ. ತೆಂಗಿನ ನಾರಿನ ಪುಡಿ, ಜೊತೆಗೆ ಸೂಕ್ಷ್ಮಜೀವಿಗಳು. ಅಷ್ಟೇ. ಅದೇ ನಾರಿನ ಪುಡಿಯನ್ನು ಒತ್ತಿ ಮಾಡಿದ ಐದು ಕೆಜಿಯ ಕೋಕೋಪೀಟ್ ಇಟ್ಟಿಗೆ ನರ್ಸರಿಯಲ್ಲಿ ಇದರ ಅರ್ಧ ಬೆಲೆಗೆ ಸಿಗುತ್ತದೆ, ನೀರಲ್ಲಿ ಹಾಕಿದರೆ ಉಬ್ಬಿ ಅರವತ್ತು ಲೀಟರ್ ಮೇಲೆ ಆಗುತ್ತದೆ. ಹಿಂಡಿ ಒಣಗಿಸಿಕೊಳ್ಳಬೇಕು, ಅಷ್ಟೇ. ಸೂಕ್ಷ್ಮಜೀವಿಗಳಂತೂ ಒಂದು ಹಿಡಿ ಹಳೆಯ ಗೊಬ್ಬರದಲ್ಲೇ ಬೇಕಾದಷ್ಟಿವೆ.

ಅವತ್ತು ಸಂಜೆ ಅಮ್ಮನ ಹತ್ತಿರ ಫೋನಿನಲ್ಲಿ ಗೊಣಗಿದೆ. ಅಮ್ಮ ಇರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ದರಕು ಹಾಕ್ದೇ ಗೊಬ್ಬರ ಆಗ್ತನೇ ಕೂಸೇ?"

ದರಕು ಅಂದರೆ ಒಣಗಿ ಉದುರಿದ ಎಲೆ, ಈ ಕಡೆಯವರು ತರಗೆಲೆ ಅನ್ನುತ್ತಾರೆ. ನಾನು ಅದರಲ್ಲೇ ಬೆಳೆದವಳು. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ, ದೊಡ್ಡ ಕಲ್ಲಿಯಲ್ಲಿ, ಅಂದರೆ ಹಗ್ಗದ ಬಲೆಯ ಚೀಲದಲ್ಲಿ, ತುಂಬಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಸಗಣಿ, ಗಂಜಳ ಬೆರೆತು ಅದೇ ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಹೋಗುತ್ತಿತ್ತು. ಇದಕ್ಕೆಂದೇ ನಮ್ಮ ಉತ್ತರ ಕನ್ನಡದ ತೋಟದವರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಹಕ್ಕಿದೆ, ಅಂದರೆ ಸೊಪ್ಪು, ದರಕು ತರಲು ಬಿಟ್ಟ ಕಾಡಿನ ಹಕ್ಕು, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ. ಅಂಥಾ ಊರಿನಿಂದ ಬಂದವಳು ಬೆಂಗಳೂರಿನಲ್ಲಿ ಕೂತು ತೆಂಗಿನ ಪುಡಿ ಕೊಳ್ಳುತ್ತಿದ್ದೆ. ನಾಚಿಕೆ ಆಯಿತು.

ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕರೆ ನಾತ ಬರದೆ ಬೇಗ ಕಳಿಯುತ್ತದೆ. ಪ್ಯಾಕೆಟ್ಟಿನ ಪುಡಿ ಮಾಡುತ್ತಿದ್ದದ್ದೂ ಇಂಗಾಲ ಕೊಡುವ ಅದೇ ಕೆಲಸ, ಜೊತೆಗೆ ನೀರು ಹೀರುವುದು. ಎಲೆ ಎರಡನ್ನೂ ಮಾಡುತ್ತದೆ, ಮೇಲಿಂದ ಗಾಳಿಗೂ ಜಾಗ ಬಿಡುತ್ತದೆ. ನಾನು ತೂಕ ಹಾಕಲು ಹೋಗುವುದಿಲ್ಲ. ಒಂದು ಡಬ್ಬಿ ಸಿಪ್ಪೆಗೆ ಕೈಯಲ್ಲಿ ಪುಡಿ ಮಾಡಿದ ಎರಡು ಡಬ್ಬಿ ಎಲೆ.

ಫೆಬ್ರವರಿ ಆಗಿದ್ದರಿಂದ ನಮ್ಮ ರಸ್ತೆಯ ಹೊಂಗೆ, ಮಳೆಮರ ಎಲೆ ಉದುರಿಸುತ್ತಿದ್ದವು. ಗುಡಿಸುವ ಅಕ್ಕನ ಹತ್ತಿರ ಒಂದು ಚೀಲ ಕೊಡ್ತೀರಾ ಅಂತ ಕೇಳಿದೆ. "ಕಸ ತಗೊಂಡು ಏನ್ ಮಾಡ್ತೀರಮ್ಮ?" ಅಂತ ನಕ್ಕರು. ಮಡಕೆ ತೋರಿಸಿದೆ. ಮಾರನೇ ದಿನ ಗೇಟಿನ ಮುಂದೆ ಮೂರು ಚೀಲ ಇತ್ತು. ಮಳೆಮರದ ಎಲೆ ಸಣ್ಣದು, ಬೇಗ ಕಳಿಯುತ್ತದೆ. ಮಾವು, ಹಲಸಿನದು ದಪ್ಪ, ಚೂರು ಮಾಡದಿದ್ದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಪ್ಲಾಸ್ಟಿಕ್, ಗುಟ್ಕಾ ಚೀಟಿ ಆರಿಸಬೇಕು, ಅದೊಂದು ಕಿರಿಕಿರಿ. ಆ ಮಳೆಗಾಲದಲ್ಲಿ ನಾತ ಬರಲಿಲ್ಲ. ಪಕ್ಕದ ಮನೆಯ ಕಿಟಕಿ ತೆರೆದೇ ಇತ್ತು.

ಹುಳದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಒಂದು ದಿನ ಮುಚ್ಚಳ ತೆಗೆದರೆ ಬೂದುಬಣ್ಣದ ದಪ್ಪ ಹುಳಗಳು ಗಿಜಿಗಿಜಿ. ಕಿರುಚಿದೆ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು. ಕಚ್ಚುವುದಿಲ್ಲ. ದೊಡ್ಡ ನೊಣವೂ ಮನೆಯೊಳಗೆ ಬಂದು ಅನ್ನದ ಮೇಲೆ ಕೂರುವ ಜಾತಿಯಲ್ಲ. ಸಿಪ್ಪೆಯನ್ನು ನನಗಿಂತ ಬೇಗ ಮುಗಿಸುತ್ತವೆ. ಜಾಸ್ತಿಯಾದಾಗ ಒಂದು ಮೊರದಲ್ಲಿ ಹರಡಿ ಗೋಡೆ ಮೇಲೆ ಇಡುತ್ತೇನೆ, ಮಡಿವಾಳ ಹಕ್ಕಿ ಜೋಡಿ ಬಂದು ಹೊಟ್ಟೆ ತುಂಬಾ ತಿಂದು ಹೋಗುತ್ತವೆ.

ಮಡಕೆಯ ದೋಷವನ್ನೂ ಹೇಳಿಬಿಡುತ್ತೇನೆ. ಮೇಲಿನ ಎರಡಕ್ಕೆ ತಳ ಇಲ್ಲ, ಹಗ್ಗದ ಬಲೆ ಇದೆ. ಹದಿನಾಲ್ಕನೇ ತಿಂಗಳಿಗೆ ಆ ಹಗ್ಗವೂ ಗೊಬ್ಬರವಾಯಿತು! ಅರ್ಧ ಕಳಿತ ಕಸವೆಲ್ಲ ಧೊಪ್ಪೆಂದು ಕೆಳಗಿನದಕ್ಕೆ ಬಿತ್ತು. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಹೆಣೆದು ಕಟ್ಟಿದೆ, ಇನ್ನೂ ಗಟ್ಟಿ ಇದೆ. ತುಂಬಿದ ಮಡಕೆಗಳನ್ನು ಎತ್ತಿ ಜಾಗ ಬದಲಿಸಲು ಇಬ್ಬರು ಬೇಕು. ಸೊಂಟನೋವು ಇರುವವರು ಯೋಚಿಸಿ.

ಇನ್ನು, ಇದೊಂದರಿಂದಲೇ ಮಣ್ಣು ಸರಿಹೋಗುತ್ತದೆ ಅಂದರೆ ಸುಳ್ಳಾಗುತ್ತದೆ. ಒಂದು ಮಡಕೆ ಕಳಿತರೆ ಸಿಗುವುದು ಒಂದು ಬಕೆಟ್ ಗೊಬ್ಬರ. ನನ್ನ ಅರವತ್ತು ಚದರ ಅಡಿಗೆ ಬರೀ ಒಂದು ಇಂಚು ಹರಡಬೇಕಾದರೂ ಸುಮಾರು 140 ಲೀಟರ್ ಬೇಕು. ವರ್ಷ ಹಿಡಿಯುತ್ತದೆ. ಅದಕ್ಕೇ ಉಳಿದ ದರಕನ್ನು ಸೀದಾ ಮಣ್ಣಿನ ಮೇಲೆ ನಾಲ್ಕು ಇಂಚು ದಪ್ಪ ಹೊದಿಸಿದೆ. ಎರಡನೇ ವರ್ಷ ಮುಂಗಾರಿಗೆ ಅಡುಗೆಮನೆ ಡಬ್ಬಿಯಿಂದಲೇ ಎರಡು ಹಿಡಿ ಹುರುಳಿ, ಒಂದು ಹಿಡಿ ಅಲಸಂದೆ ಚೆಲ್ಲಿದೆ. ಹೂ ಬರುವ ಹೊತ್ತಿಗೆ ಕತ್ತರಿಸಿ ಅಲ್ಲೇ ಹಾಸಿದೆ, ಬೇರು ಮಣ್ಣಲ್ಲೇ ಬಿಟ್ಟೆ. ಕತ್ತರಿಸುವ ಮೊದಲು ಒಂದೇ ಒಂದು ಗಿಡ ಕಿತ್ತು, ಅದರ ಬೇರಿನ ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆಯುತ್ತಿದೆ ಅಂತ ಅರ್ಥ. ನನ್ನದರಲ್ಲಿ ಇತ್ತು. ಅವತ್ತು ಇಡೀ ದಿನ ಸುಮ್ನೆ ಖುಷಿ.

ಮೊನ್ನೆ ಅದೇ ಜಾಗದಲ್ಲಿ ಮತ್ತೆ ಒಂದು ಅಡಿ ಗುಂಡಿ ತೋಡಿದೆ. ಎರೆಹುಳು ಐದು ಸಿಕ್ಕವು. ನೀರು ಇಪ್ಪತ್ತು ನಿಮಿಷದಲ್ಲಿ ಇಂಗಿತು. ಇಟ್ಟಿಗೆ ಚೂರು ಈಗಲೂ ಸಿಗುತ್ತದೆ. ವಿನೆಗರಿಗೆ ನೊರೆಯೂ ಸ್ವಲ್ಪ ಬರುತ್ತದೆ. ಬಸಳೆ ಮಾತ್ರ ಕಾಂಪೌಂಡ್ ದಾಟಿ ಪಕ್ಕದವರ ಕಿಟಕಿಗೆ ಹೋಗಿದೆ, ಅವರೇ ಕಿತ್ತು ಸಾಂಬಾರು ಮಾಡುತ್ತಾರೆ.

ಮಡಕೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಹಗ್ಗಕ್ಕೆ ಒಂದು ಕಡಿತ. ಪುಡಿಗೆ ಅಂಕ ಇಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದು ಎಲೆ ಸಿಗದವರು ಕೋಕೋಪೀಟ್ ಇಟ್ಟಿಗೆ ತಗೊಳ್ಳಿ. ಹಿತ್ತಲಲ್ಲಿ ಜಾಗ ಇದ್ದವರಿಗೆ ಮಡಕೆಯೂ ಕಡ್ಡಾಯವಲ್ಲ. ತಳ ಒಡೆದ ಹಳೆಯ ಡ್ರಮ್ಮಿಗೆ ತೂತು ಕೊರೆದರೂ ನಡೆಯುತ್ತದೆ, ಬೆಚ್ಚಗಿನ ಆವಿ ಅದರಲ್ಲೂ ಬರುತ್ತದೆ. ನನ್ನ ಹತ್ತಿರ ಹದಿಮೂರನೇ ಪ್ಯಾಕೆಟ್ ಪುಡಿ ಇನ್ನೂ ಅರ್ಧ ಉಳಿದಿದೆ. ಬೇಕಿದ್ದವರು ಬಂದು ಒಯ್ಯಬಹುದು, ದುಡ್ಡು ಬೇಡ. ಬರುವಾಗ ಒಂದು ಚೀಲ ಎಲೆ ತನ್ನಿ.