ಕಪ್ಪು ಬಾನೆಟ್, ನಾಲ್ಕು ಭಾಗ: ವಾಟರ್ ಪೇಪರ್ ಗೆರೆ ಯಾವುದರಿಂದ ಹೋಯಿತು?

ನನ್ನ ಕಪ್ಪು ಸ್ವಿಫ್ಟ್‌ನ ಬಾನೆಟ್‌ಗೆ ಹೊಸ ಪೇಂಟ್ ಆಗಿ ಎರಡು ತಿಂಗಳಾಗಿತ್ತು. ಬಣ್ಣ ಚೆನ್ನಾಗಿ ಕೂತಿತ್ತು. ಆದರೆ ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್‌ನಲ್ಲಿ ಅಲ್ಲಲ್ಲಿ ಧೂಳಿನ ಕಾಳು, ಕಿತ್ತಳೆ ಸಿಪ್ಪೆಯ ಹಾಗೆ ತರಿ. ಅದನ್ನು ಸಮ ಮಾಡೋಣ ಅಂತ ಬಕೆಟ್ ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿ, ರಬ್ಬರ್ ಬ್ಲಾಕ್‌ಗೆ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್ ಪೇಪರ್) ಸುತ್ತಿ ಉಜ್ಜಿದೆ. ಮೊದಲು 1500 ನಂಬರಿನದು, ಆಮೇಲೆ ಇನ್ನೂ ನಯವಾದ 2000. ತರಿ ಹೋಯಿತು. ಬಾನೆಟ್ ಮಾತ್ರ ಪೇಪರಿನ ಸಣ್ಣ ಗೆರೆಗಳಿಂದ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿದ ಸ್ಲೇಟಿನಂತೆ ಬೂದು ಬಣ್ಣಕ್ಕೆ ತಿರುಗಿತು.

ಇದೇ ಕೆಲಸ ಬಿಳಿ ಗಾಡಿಯಲ್ಲಾದರೆ ಅರ್ಧ ಗೆರೆ ಉಳಿದರೂ ಗೊತ್ತಾಗುವುದಿಲ್ಲ. ಗೆರೆಯ ಅಂಚು ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣುತ್ತದೆ. ಅದರ ಹಿಂದೆ ಕಪ್ಪು ಇದ್ದರೆ ಮುಗೀತು, ಎದ್ದು ಕುಣಿಯುತ್ತದೆ. ಹಾಗಾಗಿ ಮಾಸ್ಕಿಂಗ್ ಟೇಪ್ ಹಚ್ಚಿ ಬಾನೆಟ್ಟನ್ನು ನಾಲ್ಕು ಭಾಗ ಮಾಡಿದೆ. ಗೆರೆ ತೆಗೆಯಲು ಒಂದೊಂದರಲ್ಲಿ ಒಂದೊಂದು ದಾರಿ.

ಮೊದಲನೆಯದು ಕೈ. ಫೋಮ್ ಪ್ಯಾಡ್, ಮೆಗ್ವಾಯರ್ಸ್ ಕಂಪನಿಯ ಎಂ105 ಕಾಂಪೌಂಡ್ (ಗೆರೆ ಸವೆಸುವ ಪಾಲಿಶ್). ಅಂಗೈ ಅಗಲದ ಜಾಗಕ್ಕೇ ಮುಕ್ಕಾಲು ಗಂಟೆ ಹಿಡಿಯಿತು, ತೋಳು ಸೋತು ಹೋಯಿತು. ಒರೆಸಿದಾಗ ಹೊಳಪು ಬಂದಿತ್ತು, ಖುಷಿಯೂ ಆಯಿತು. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒರೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದೆ. 2000ದ ನೇರ ಗೆರೆಗಳು ಸಾಲಾಗಿ ಅಲ್ಲೇ ಮಲಗಿದ್ದವು. ಕಾಂಪೌಂಡ್‌ನ ಎಣ್ಣೆ ಗೆರೆಯೊಳಗೆ ತುಂಬಿಕೊಂಡು ಕಣ್ಣಿಗೆ ಮೋಸ ಮಾಡಿತ್ತು, ಅಷ್ಟೇ. ಆಲ್ಕೋಹಾಲ್‌ನಲ್ಲಿ ಒರೆಸದೆ ಯಾವ ಹೊಳಪನ್ನೂ ನಂಬಬೇಡಿ. ಡೋರ್ ಹ್ಯಾಂಡಲ್ ಹಿಂದಿನ ಗುಳಿಯಂಥ ಜಾಗಕ್ಕೆ ಮಿಷನ್ ಹೋಗುವುದಿಲ್ಲ, ಅಲ್ಲಿಗೆ ಕೈಯೇ ಗತಿ. ಬಾನೆಟ್‌ಗೆ ಇದು ಆಗುವ ಮಾತಲ್ಲ.

ಎರಡನೆಯದು, ಮನೆಯ ಡ್ರಿಲ್‌ಗೆ ಸಿಕ್ಕಿಸುವ ಉಣ್ಣೆ ಪ್ಯಾಡ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡ್ರಿಲ್ ಹಿಡಿಯುವ ಭಂಗಿಯಲ್ಲೇ ಭಾರ ಒಂದು ಕಡೆ ಬೀಳುತ್ತದೆ, ಪ್ಯಾಡಿನ ಅಂಚು ಕಚ್ಚುತ್ತದೆ. ಹತ್ತು ನಿಮಿಷದಲ್ಲಿ ನಿಲ್ಲಿಸಿದೆ. ಕಪ್ಪು ಗಾಡಿಗೆ ಬೇಡವೇ ಬೇಡ.

ಮೂರನೆಯದು ರೋಟರಿ, ಅಂದರೆ ಗ್ಯಾರೇಜ್‌ಗಳಲ್ಲಿ ಬಫಿಂಗ್ ಮಿಷನ್ ಅಂತ ಕರೆಯುವುದು. ಇದನ್ನು ನಾನು ಮುಟ್ಟಲಿಲ್ಲ, ನಮ್ಮ ಬೀದಿಯ ಪೇಂಟರ್ ಅಣ್ಣನ ಕೈಗೆ ಕೊಟ್ಟೆ. ಉಣ್ಣೆ ಪ್ಯಾಡ್, ಅದೇ ಎಂ105, ವೇಗ ನಿಮಿಷಕ್ಕೆ 1200 ತಿರುಗಿನ ಆಸುಪಾಸು. ಮಿಷನ್ ಇಡುವ ಮೊದಲು ಬಾನೆಟ್‌ನ ಏಣುಗಳಿಗೆಲ್ಲ ಟೇಪ್ ಹಚ್ಚಿದರು. ಏಣಿನ ಮೇಲೆ ಪೇಂಟ್ ಸಾಮಾನ್ಯವಾಗಿ ತೆಳು, ರೋಟರಿ ಅಲ್ಲಿ ಸ್ವಲ್ಪ ನಿಂತರೂ ಬಣ್ಣದ ಅಡಿಯ ಪ್ರೈಮರ್ ಕಾಣಬಹುದು. ಅವರು ಮಿಷನ್ ಒಂದು ಕೈಯಲ್ಲಿ ಓಡಿಸುತ್ತಾ, ಇನ್ನೊಂದು ಕೈಯ ಹಿಂಭಾಗದಿಂದ ಲೋಹ ಮುಟ್ಟಿ ಬಿಸಿ ನೋಡುತ್ತಿದ್ದರು. ಎರಡೇ ಸುತ್ತಿಗೆ 2000ದ ಗೆರೆ ಪೂರ್ತಿ ಮಾಯ! ನೆರಳಲ್ಲಿ ನೋಡಿದರೆ ಬಾವಿಯ ನೀರಿನ ಹಾಗಿತ್ತು.

ಸಂಜೆ ನಾಲ್ಕರ ಬಿಸಿಲಿಗೆ ಗಾಡಿ ತೆಗೆದಾಗ ಇನ್ನೊಂದು ವಿಷಯ ಕಂಡಿತು. ಗೆರೆ ಇರಲಿಲ್ಲ. ಆದರೆ ನಾನು ಸುತ್ತ ನಡೆದ ಹಾಗೆಲ್ಲ ಹೊಗೆಯಂಥ ಬಳ್ಳಿ ಬಳ್ಳಿ ನೆರಳು ಬಾನೆಟ್ ಮೇಲೆ ನನ್ನ ಜೊತೆಗೇ ಸರಿಯುತ್ತಿತ್ತು. ಇದಕ್ಕೆ ಹಾಲೊಗ್ರಾಮ್ ಅನ್ನುತ್ತಾರೆ. ರೋಟರಿ ಒಂದೇ ಕೇಂದ್ರದ ಸುತ್ತ ಒಂದೇ ದಿಕ್ಕಿಗೆ ತಿರುಗುವುದರಿಂದ ಅದರ ಸಣ್ಣ ಗೀಚುಗಳೂ ಒಂದೇ ವರಸೆಯಲ್ಲಿ ಬೀಳುತ್ತವೆ.

ನಾಲ್ಕನೆಯದು ಡಿಎ, ಅಂದರೆ ಡ್ಯುಯಲ್ ಆಕ್ಷನ್ ಪಾಲಿಶರ್. ಇದು ತಿರುಗುತ್ತಲೇ ಅಲುಗಾಡುತ್ತದೆ, ಅದಕ್ಕೇ ಗೀಚು ಒಂದೇ ವರಸೆಯಲ್ಲಿ ಕೂರುವುದಿಲ್ಲ, ಬಿಸಿಯೂ ಒಂದೇ ಕಡೆ ಸೇರುವುದಿಲ್ಲ. ನನ್ನದು 15 ಮಿಲಿಮೀಟರ್ ಅಲುಗಾಟದ್ದು. ಮೊದಲು ಫೋಮ್ ಪ್ಯಾಡ್ ಹಾಕಿ ನಾಲ್ಕು ಸುತ್ತು ಕೊಟ್ಟೆ, ಗೆರೆ ಅರ್ಧಕ್ಕರ್ಧ ಉಳಿಯಿತು. ಮೈಕ್ರೋಫೈಬರ್ ಪ್ಯಾಡ್ ಹಾಕಿದ ಮೇಲೆ ಕೆಲಸ ಓಡಿತು. ಆದರೂ ಪೂರ್ತಿ ಹೋಗಲು ಆರು ಸುತ್ತು ಬೇಕಾಯಿತು. ಪ್ರತಿ ಸುತ್ತಿಗೂ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ ಪುಡಿ ತೆಗೆಯಲೇಬೇಕು. ಇಲ್ಲಾಂದ್ರೆ ಆ ಪುಡಿಯೇ ಹೊಸ ಗೀಚು ಹಾಕುತ್ತದೆ. ಉಳಿದ ಮಸುಕು ಮೆತ್ತನೆ ಫೋಮ್ ಮತ್ತು ಅದೇ ಕಂಪನಿಯ ನಯವಾದ ಪಾಲಿಶ್ ಎಂ205ಕ್ಕೆ ಹೋಯಿತು. ಬಿಸಿಲಲ್ಲಿ ಎಲ್ಲಿಂದ ನೋಡಿದರೂ ಬಳ್ಳಿ ಇಲ್ಲ.

ಇಷ್ಟಕ್ಕೇ ಬರೆದಿದ್ದರೆ ವೇಗಕ್ಕೆ ರೋಟರಿ, ಅಂದಕ್ಕೆ ಡಿಎ ಅಂತ ಮುಗಿಸುತ್ತಿದ್ದೆ. ಆದರೆ ಪೇಂಟರ್ ಅಣ್ಣ ಹೊರಡುವಾಗ ಒಂದು ಮಾತು ಕೇಳಿದರು. "ಮೂರು ಸಾವಿರದ್ದು ಹಾಕಿದ್ರಾ ಸಾರ್? ಅದು ಬಿಟ್ಟು ಮಿಷನ್ ಹಿಡಿದ್ರೆ ಪೇಪರ್ ಮಾಡೋ ಕೆಲಸ ಮಿಷನ್ ಮಾಡ್ಬೇಕಾಗುತ್ತೆ."

3000 ನಂಬರಿನ ಪೇಪರ್ ನಾನು ಹಾಕಿರಲಿಲ್ಲ. ಕೈಯಲ್ಲಿ ಕಾಂಪೌಂಡ್ ಉಜ್ಜಿದ್ದ ಮೊದಲ ಭಾಗವನ್ನೇ ಮತ್ತೆ ತೆಗೆದುಕೊಂಡೆ. 3ಎಂ ಟ್ರೈಝ್ಯಾಕ್ಟ್ 3000, ಹಿಂದೆ ಫೋಮ್ ಇರುವ ಡಿಸ್ಕ್, ಒದ್ದೆ ಮಾಡಿ ಉಜ್ಜಿದೆ. 1500 ಉದ್ದಕ್ಕೆ, 2000 ಅಡ್ಡಕ್ಕೆ ಉಜ್ಜಿದ್ದೆ, ಈಗ ಓರೆಯಾಗಿ ಹೋದೆ. ದಿಕ್ಕು ಬದಲಿಸಿದರೆ ಹಳೆಯ ಪೇಪರಿನ ಗೆರೆ ಉಳಿದಿದೆಯೋ ಇಲ್ಲವೋ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ನನಗೆ 1500ರ ಎರಡು ಗೆರೆ ಆಗಲೂ ಸಿಕ್ಕವು. ಅವು ಸವೆಯುವ ತನಕ ಮುಂದೆ ಹೋಗಲಿಲ್ಲ. ಬೂದು ಬಣ್ಣ ಹೋಗಿ ಮಂಕಾದ ಕಪ್ಪು ಹೊಳಪು ಬಂತು. ಆಮೇಲೆ ಡಿಎಗೆ ಎರಡೇ ಸುತ್ತು ಸಾಕಾಯಿತು. ಆರು ಎಲ್ಲಿ, ಎರಡು ಎಲ್ಲಿ!

ಹಾಗಾಗಿ ನನ್ನ ಆಯ್ಕೆ ಈಗ ಸ್ಪಷ್ಟ. 3000 ಉಜ್ಜಿಯೇ ಮಿಷನ್‌ಗೆ ಕೈ ಹಾಕುವುದು, ಮಿಷನ್ ಅಂದರೆ ಡಿಎ, ಮೈಕ್ರೋಫೈಬರ್‌ನಿಂದ ಶುರು ಮಾಡಿ ಮೆತ್ತನೆ ಫೋಮ್‌ನಲ್ಲಿ ಮುಗಿಸುವುದು. ಪಳಗಿದ ಕೈ ಇದ್ದವರು ರೋಟರಿ ಬಳಸಲಿ, ಸಮಯ ಬಹಳ ಉಳಿಯುತ್ತದೆ. ಆದರೆ ಕಪ್ಪು ಗಾಡಿಗೆ ಕೊನೆಯ ಸುತ್ತು ಡಿಎಯಲ್ಲೇ ಆಗಲಿ. ಪೇಂಟರ್ ಅಣ್ಣನ ಭಾಗದ ಹಾಲೊಗ್ರಾಮ್ ಕೂಡ ಎಂ205 ಹಾಕಿ ಡಿಎ ಓಡಿಸಿದ ಮೇಲೇ ಹೋಗಿದ್ದು.

ಒಂದು ಲೆಕ್ಕ ಮಾತ್ರ ಮರೆಯಬೇಡಿ. ಕಾರಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಉಜ್ಜಿದ್ದು ಮತ್ತೆ ಬರುವುದಿಲ್ಲ. ಗೆಳೆಯನಿಂದ ಪೇಂಟ್ ದಪ್ಪ ಅಳೆಯುವ ಮೀಟರ್ ತಂದಿದ್ದೆ. ಅದು ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿಸಿ ತೋರಿಸುತ್ತದೆ, ಕ್ಲಿಯರ್ ಎಷ್ಟಿದೆ ಅಂತ ಬಿಡಿಸಿ ಹೇಳುವುದಿಲ್ಲ. ಬಾನೆಟ್‌ನ ಹೆಚ್ಚಿನ ಕಡೆ 120ರ ಮೇಲಿತ್ತು. ನೀರು ಚಿಮ್ಮುವ ನಾಝಲ್ ಪಕ್ಕದಲ್ಲಿ 96. ಅಲ್ಲಿ ಬೆರಳುದ್ದದ ಒಂದು ಗೆರೆ ಇನ್ನೂ ಇದೆ, ಬೆಳಗಿನ ಬಿಸಿಲಿಗೆ ಕಾಣುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ.