ಹಾಲಿನ ಪ್ಲಾಸ್ಟಿಕ್: ಅಂಗಿ ಗುಂಡಿಗೆ ಸೈ, ಲೋಟಕ್ಕೆ ಒಲ್ಲದು

ಹಾಲಿನ ಪ್ರೋಟೀನಾದ ಕೇಸೀನಿನಿಂದ ಪ್ಲಾಸ್ಟಿಕ್ ಮಾಡುವುದನ್ನು ಹೊಚ್ಚ ಹೊಸ ಆವಿಷ್ಕಾರವೆಂಬಂತೆ ಬಣ್ಣಿಸುವುದುಂಟು. ಆದರೆ ಜರ್ಮನಿಯಲ್ಲಿ 1899ರಲ್ಲೇ ಇದಕ್ಕೆ ಪೇಟೆಂಟ್ ದೊರೆತಿತ್ತು. ಗ್ರೀಕ್ ಭಾಷೆಯ ಹಾಲು, ಕಲ್ಲು ಎಂಬ ಪದಗಳನ್ನು ಕೂಡಿಸಿ ಗಾಲಲಿತ್ ಎಂದು ಹೆಸರಿಟ್ಟ ಈ ವಸ್ತುವಿನಿಂದ ಗುಂಡಿ, ಬಾಚಣಿಗೆ, ಹೆಣಿಗೆ ಕಡ್ಡಿ, ಫೌಂಟನ್ ಪೆನ್ನು ಮುಂತಾದವು ದಶಕಗಳ ಕಾಲ ತಯಾರಾದವು. ಬಣ್ಣವನ್ನು ಒಳಗಿನವರೆಗೂ ಹೀರಿಕೊಂಡು, ಉಜ್ಜಿದಷ್ಟೂ ದಂತದಂತೆ ಹೊಳೆಯುವ ಗುಣದಲ್ಲಿ ಇದು ಇಂದಿನ ಅಗ್ಗದ ಪ್ಲಾಸ್ಟಿಕ್ ಗುಂಡಿಗಳಿಗಿಂತ ಮೇಲೆಂದೇ ನನ್ನ ಅಭಿಪ್ರಾಯ.

ಇದರ ದೊಡ್ಡ ದೋಷ ನೀರು. ಕೆನೆ ತೆಗೆದ ಹಾಲನ್ನು ಬಿಸಿ ಮಾಡಿ, ವಿನೆಗರ್ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ ಹಿಂಡಿದ ಮುದ್ದೆಯಿಂದ ನಾನೇ ನಾಲ್ಕು ಬಿಲ್ಲೆಗಳನ್ನು ತಟ್ಟಿ ಒಣಗಿಸಿದ್ದೆ. ಎಲ್ಲವೂ ಕುಗ್ಗಿದವು, ಎರಡು ಅಂಚಿನಲ್ಲಿ ಸೀಳಿದವು. ಉಳಿದವು ಮೇಜಿನ ಮೇಲೆ ಬೀಳಿಸಿದರೆ ಟಣ್ ಎನ್ನುವಷ್ಟು ಗಟ್ಟಿಯಾದವು. ಅವುಗಳಲ್ಲಿ ಒಂದನ್ನು ರಾತ್ರಿಯಿಡೀ ನೀರಿನಲ್ಲಿ ಇಟ್ಟಾಗ ಮಾತ್ರ ಬೆಳಗಿನ ಹೊತ್ತಿಗೆ ಅದು ಉಬ್ಬಿ, ಉಗುರು ಇಳಿಯುವಷ್ಟು ಮೆತ್ತಗಾಗಿ, ಹುಳಿ ಹಾಲಿನ ವಾಸನೆ ಬೀರುತ್ತಿತ್ತು.

ಕಾರ್ಖಾನೆಗಳು ಇದಕ್ಕೆ ಕಂಡುಕೊಂಡ ಪರಿಹಾರ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ. ಕೇಸೀನ್ ಹಲಗೆಗಳನ್ನು ಆ ದ್ರಾವಣದಲ್ಲಿ ವಾರಗಟ್ಟಲೆ, ದಪ್ಪನೆಯವಾದರೆ ತಿಂಗಳುಗಟ್ಟಲೆ ನೆನೆಹಾಕಬೇಕಿತ್ತು. ಹಾಗೆ ಗಟ್ಟಿಯಾದದ್ದನ್ನು ಮತ್ತೆ ಕರಗಿಸಿ ಅಚ್ಚಿಗೆ ಹೊಯ್ಯಲು ಬರುವುದಿಲ್ಲ. ಕೊರೆದು, ಕಡೆದು ರೂಪಕ್ಕೆ ತರಬೇಕು. ಇಷ್ಟಾದರೂ ತೇವ ಹೀರುವ ಚಾಳಿ ಪೂರ್ತಿ ಹೋಗದು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂಬುದನ್ನೂ ನೆನೆದರೆ, ಹಾಲಿನದೆಂಬ ಒಂದೇ ಕಾರಣಕ್ಕೆ ಇದನ್ನು ನಿರಪಾಯಕಾರಿ ಎಂದು ಹೊಗಳುವುದು ನನಗೆ ಒಪ್ಪಿಗೆಯಾಗದು.

ಮಣ್ಣಿನಲ್ಲಿ ಕೊಳೆಯುವುದು, ಪೆಟ್ರೋಲಿಯಂ ಬೇಡದಿರುವುದು ನಿಜವಾದ ಲಾಭಗಳೇ. ಆದರೆ ಒಂದು ಲೀಟರ್ ಹಸುವಿನ ಹಾಲಿನಲ್ಲಿ ಇರುವ ಕೇಸೀನ್ ಸುಮಾರು 26 ಗ್ರಾಂ ಮಾತ್ರ. ಅಷ್ಟಕ್ಕಾಗಿ ಮೇವು, ನೀರು, ಹಸುವಿನ ಹೊಟ್ಟೆಯಿಂದ ಹೊರಬೀಳುವ ಮೀಥೇನ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಕುಡಿಯಲು ಯೋಗ್ಯವಾದ ಹಾಲನ್ನು ಪ್ಲಾಸ್ಟಿಕ್ಕಿಗೆ ಸುರಿಯುವುದು ಸಮರ್ಥನೀಯವಲ್ಲ. ಕೆಟ್ಟು ಚೆಲ್ಲಬೇಕಾದ ಹಾಲಾದರೆ ಮಾತು ಬೇರೆ.

ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2016ರಲ್ಲಿ ಮುಂದಿಟ್ಟ, ತಿನಿಸು ಸುತ್ತುವ ತೆಳು ಹಾಳೆ. ಕೇಸೀನಿಗೆ ಹಣ್ಣುಗಳಿಂದ ಸಿಗುವ ಪೆಕ್ಟಿನ್ ಎಂಬ ಅಂಟು ಬೆರೆಸಿದ ಈ ಹಾಳೆ ಆಮ್ಲಜನಕವನ್ನು ತಡೆಯುವುದರಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಹಾಳೆಗಿಂತ 500 ಪಟ್ಟು ಸಮರ್ಥವೆಂದು ಅವರು ತಿಳಿಸಿದ್ದರು. ಒಳಗಿನ ತಿನಿಸಿನ ಜೊತೆ ಇದನ್ನೂ ತಿನ್ನಬಹುದು. ಸೂಪಿನ ಪುಡಿಯ ಪೊಟ್ಟಣವಾದರೆ ಹಾಗೆಯೇ ಬಿಸಿನೀರಿಗೆ ಹಾಕಿದರಾಯಿತು. ಇಲ್ಲಿ ನೀರಿನಲ್ಲಿ ಕರಗುವ ದೋಷವೇ ಗುಣವಾಗಿದೆ. ಆದರೂ ತೇವ, ಧೂಳು ತಾಗದಂತೆ ಇಂಥ ಪೊಟ್ಟಣಗಳಿಗೆ ಮತ್ತೊಂದು ಹೊರಹೊದಿಕೆ ಬೇಕು, ಹಾಲಿನ ಅಲರ್ಜಿ ಇರುವವರಿಗೆ ಆ ಹೊದಿಕೆಯ ಮೇಲೆ ಎಚ್ಚರಿಕೆಯನ್ನೂ ಅಚ್ಚು ಹಾಕಬೇಕು.